ತಾಯಿಯ ಹೆಸರಿನ ಸಾಲು

ಸಿಂದಗಿಯ ನಮ್ಮ ಮನೆಯಲ್ಲಿ ಕುಳಿತು ನಾನು ಮಾಡುವ ಕೆಲಸವನ್ನು ಅತ್ತೆಗೆ ಹೀಗೆ ವಿವರಿಸಿದ್ದೆ: ಕಸುಬು ಕಲಿತವರು ಹೊರದೇಶದ ಕೆಲಸಕ್ಕೆಂದು ವೀಸಾ ಕೇಳಿ ಅರ್ಜಿ ಹಾಕುತ್ತಾರೆ. ಅವುಗಳಲ್ಲಿ ಯಾವುದು ನಿಜ, ಯಾವುದು ಅನುಮಾನ ಎಂದು ಕಂಪ್ಯೂಟರಿಗೆ ಕಲಿಸಬೇಕು. ಕಲಿಸಲು ಮೊದಲು ನಮ್ಮಂಥವರು ಓದಿ ಗುರುತು ಹಾಕಬೇಕು.

"ಅಂದ್ರ ಮಷೀನಿಗೆ ಸಾಲಿ ಕಲಿಸ್ತಿ," ಎಂದರು ಅತ್ತೆ. "ಬಡಿಯಾಕಂತೂ ಬರೂದಿಲ್ಲ. ಹೆಂಗ ಕಲೀತೈತಿ ಅದು?"

ಆ ವಾರ ನರ್ಸುಗಳ ಅರ್ಜಿಗಳು ಬಂದಿದ್ದವು. ಇನ್ನೂ ತೀರ್ಮಾನವಾಗದ ಅರ್ಜಿಗಳು. ಅಂಕಪಟ್ಟಿ, ಪಾಸ್‌ಪೋರ್ಟ್ ಎರಡೂ ಒಬ್ಬರವೇ ಎಂದು ನೋಡಿ 'ಒಂದೇ' ಅಥವಾ 'ಬೇರೆ' ಎಂದು ಒತ್ತಬೇಕು. ಒಂದು ಅರ್ಜಿಯ ಮುಂದೆ ನನ್ನ ಕೈ ನಿಂತಿತು. ಓದಿದ್ದು ಮುದ್ದೇಬಿಹಾಳದಲ್ಲಿ, ಪಾಸ್‌ಪೋರ್ಟಿನ ವಿಳಾಸ ಇಂಡಿ. ಎರಡರಲ್ಲಿ ಎರಡು ಹೆಸರು. ತಂದೆಯ ಹೆಸರಿದ್ದ ಜಾಗದಲ್ಲಿ ಗಂಡನ ಹೆಸರು. ಅಡ್ಡಹೆಸರೂ ಬೇರೆ. ಕಂಪ್ಯೂಟರ್ ಆಗಲೇ ಕೆಂಪು ಗೆರೆ ಎಳೆದಿತ್ತು. ಹುಟ್ಟಿದ ದಿನ ಒಂದೇ ಇತ್ತು. ಕೆಳಗಿನ ಸಾಲಿನಲ್ಲಿ ತಾಯಿಯ ಹೆಸರೂ ಒಂದೇ.

ಮದುವೆಯಲ್ಲಿ ಹೆಸರು ಬದಲಾದವಳು. ಇದು ನನಗೆ ಗೊತ್ತಿದ್ದದ್ದೇ. ನನ್ನ ಮದುವೆಯಲ್ಲೂ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೊಸ ಹೆಸರು ಬರೆದರು. ನನ್ನ ಹಳೆಯ ಹೆಸರಿನವಳೇ ಒಬ್ಬಳು ಈ ಮನೆಯಲ್ಲಿ ಆಗಲೇ ಇದ್ದಳು, ನಾದಿನಿ. ಆಮೇಲೆ ಆ ಹೆಸರು ಮನಗೂಳಿಯ ತವರಿನಲ್ಲಷ್ಟೇ ಉಳಿಯಿತು. ನಾನು ಬಸ್ಸಿಳಿದು ಓಣಿ ತಿರುಗುವಷ್ಟರಲ್ಲಿ ಅವ್ವ ಕಟ್ಟೆಯ ಮೇಲಿಂದಲೇ ಕೂಗುತ್ತಿದ್ದಳು, ಕೊನೆಯ ಅಕ್ಷರವನ್ನು ಎಳೆದು. ಅವ್ವ ಹೋದಳು. ತಮ್ಮ ಮೊದಲಿನಿಂದಲೂ ಅಕ್ಕಾ ಎನ್ನುವವನು. ಈಗ ಆ ಹೆಸರಿನಿಂದ ನನ್ನನ್ನು ಕರೆಯುವವರು ಯಾರೂ ಇಲ್ಲ. ಒಮ್ಮೊಮ್ಮೆ ಸಂತೆಯಲ್ಲಿ ಯಾರೋ ಯಾರನ್ನೋ ಹಾಗೆ ಕರೆದರೆ ತಿರುಗಿ ನೋಡುತ್ತೇನೆ.

ವಿಜಯಪುರದಿಂದ ನಮ್ಮ ಕೆಲಸ ನೋಡಿಕೊಳ್ಳುವ ಹುಡುಗನಿಗೆ ಫೋನ್ ಮಾಡಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಆದರೂ ಸರ್ ಎನ್ನುತ್ತೇನೆ.

"ಹೆಸರು ಕೂಡಲಿಲ್ಲಂದ್ರ 'ಬೇರೆ' ಒತ್ರಿ ಮೇಡಂ. ನಿಯಮ ಹಂಗ ಐತಿ."

"ಬೇರೆ ಒತ್ತಿದ್ರ ಈಕಿ ಅರ್ಜಿ ಮೂಲಿಗೆ ಬೀಳತೈತ್ರಿ. ಈಕಿ ಒಬ್ಬಾಕೀದಲ್ಲ, ಇಂಥಾವೆಲ್ಲಾ ಸುಳ್ಳಂತ ಅದು ಕಲಿತಬಿಡತೈತಿ. ತಾಯಿ ಹೆಸರು ನೋಡ್ರಿ."

"ತಾಯಿ ಹೆಸರು ಅದು ನೋಡೂದಿಲ್ರಿ."

"ನಿಮ್ಮ ಮನಿಯವ್ರ ಹೆಸರು ಲಗ್ನದಾಗ ಬದಲಿಸಿಲ್ಲೇನ್ರಿ ಸರ್?"



"ಬದಲಿಸೇವ್ರಿ."

"ಮೊದಲಿಂದು ಏನಿತ್ರಿ?"

"ಅದು... ಕೇಳಿ ಹೇಳ್ತೇನ್ರಿ."

ಅವನು ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಆದರೆ ಮೇಲಿನವರಿಗೆ ಬರೆದು ಕೇಳಿದ. ಎರಡು ದಿನದ ಮೇಲೆ ಉತ್ತರ ಬಂತು: ತಾಯಿಯ ಹೆಸರು, ಹುಟ್ಟಿದ ದಿನ ಎರಡೂ ಕೂಡಿದರೆ 'ಬೇರೆ' ಎನ್ನಬೇಡಿ, ಮನುಷ್ಯರೇ ಮತ್ತೊಮ್ಮೆ ನೋಡಲು ಕಳಿಸಿ. 'ಒಂದೇ' ಎನ್ನಲು ಒಪ್ಪಲಿಲ್ಲ. ನಾನು ಅವರು ಹೇಳಿದಂತೆ ಒತ್ತಿದೆ. ಅರ್ಜಿ ನನ್ನ ಪರದೆಯಿಂದ ಹೋಯಿತು. ಆಮೇಲೆ ಅದರ ಗತಿ ಏನಾಯಿತೋ ತಿಳಿಯಲು ನಮಗೆ ದಾರಿಯಿಲ್ಲ.

ಅಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಾ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರದೂ ಬದಲಾದ ಹೆಸರೇ. ಮೊದಲಿನದನ್ನು ನಾನು ಎಂದೂ ಕೇಳಿರಲಿಲ್ಲ, ಅಂದೂ ಕೇಳಲು ಬಾಯಿ ಬರಲಿಲ್ಲ.

"ಹೋಗ್ತಾಳೇನ ಆಕಿ?"

"ಗೊತ್ತಿಲ್ರಿ ಅತ್ತಿ."

"ಹೋದ್ಲಂತ ತಿಳಿ. ಅಲ್ಲಿ ದವಾಖಾನ್ಯಾಗ ಯಾವ ಹೆಸರಿಲೆ ಕರೀತಾರ?"

"ಪಾಸ್‌ಪೋರ್ಟಿನಾಗ ಇದ್ದದ್ದರಿ."

ಅತ್ತೆ ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದರು.

"ಹಂಗಾದ್ರ ಅಲ್ಲೂ ಅತ್ತೀ ಮನಿಯವ್ರು ಇಟ್ಟದ್ದ," ಎಂದರು.