ಕಾರಣ ಹೇಳಬೇಕಾಗಿಲ್ಲ

ನನ್ನ ಸೊಸೆ ಡಾಕ್ಟರೇಟಿಗೆ ಹಾಕಿದ ಅರ್ಜಿಯ ಮೂರನೆಯ ಪುಟದಲ್ಲಿ ನಾನಿದ್ದೆ. ಇಂಗ್ಲಿಷಿನಲ್ಲಿದ್ದ ಆ ಪುಟವನ್ನು ಅವಳೇ ನನಗೆ ಕನ್ನಡದಲ್ಲಿ ಹೇಳಿದ್ದಳು. ಅದರಲ್ಲಿ ಅವಳು, ನನ್ನ ಮಾವ ಠಾಣೆಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು, ಅಲ್ಲಿ ಕೆಲಸಗಾರರು ಹೆದರದೆ ಮಾತಾಡುತ್ತಿದ್ದರು, ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ ಎಂದು ಬರೆದಿದ್ದಳು. ಆ ಪುಟ ಈಗ ಇಲ್ಲ. ತೆಗೆಸಿದವನು ನಾನು. ಅದರ ಜೊತೆಗೆ ಅವಳ ಸೀಟೂ ಹೋಯಿತು. ಯಾಕೆ ತೆಗೆಸಿದೆ ಎಂದು ಅವಳಿಗೆ ಗೊತ್ತಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ನಾನು ಓದಿದ್ದು ಹತ್ತನೆಯವರೆಗೆ. ಉಡುಪಿ ಕಡೆಯಿಂದ ಬಂದು ಕಲ್ಯಾಣದ ಹೋಟೆಲೊಂದರಲ್ಲಿ ಕೆಲಸ ಕಲಿತು, ಆಮೇಲೆ ವರ್ತಕ ನಗರದ ಆಚೆಗಿದ್ದ ಕಾರ್ಖಾನೆಯ ಕ್ಯಾಂಟೀನನ್ನು ಗುತ್ತಿಗೆ ಹಿಡಿದೆ. ಇಪ್ಪತ್ತೆರಡು ವರ್ಷ ನಡೆಸಿದೆ. ಈಗ ಆ ಜಾಗದಲ್ಲಿ ಟವರುಗಳು ಎದ್ದಿವೆ, ಕೆಳಗೆ ಈಜುಕೊಳವಂತೆ. ಹೆಂಡತಿ ತೀರಿಕೊಂಡ ಮೇಲೆ ಡೊಂಬಿವಲಿಯಲ್ಲಿ ಮಗ ಸೊಸೆಯ ಜೊತೆ ಇದ್ದೇನೆ. ಮಗ ಇಲ್ಲೇ ಹುಟ್ಟಿದವನು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ನನ್ನೊಡನೆ ಕನ್ನಡ ಮಾತಾಡುವವಳು ವಿಜಯಪುರದ ಈ ಸೊಸೆ ಒಬ್ಬಳೇ. ನವಿ ಮುಂಬಯಿಯ ದೊಡ್ಡ ಗೋದಾಮಿನಲ್ಲಿ ಅವಳಿಗೆ ಎಚ್‌ಆರ್ ಕೆಲಸ. ದಿನವೂ ಠಾಣೆಯಲ್ಲಿಳಿದು ವಾಶಿ ಗಾಡಿ ಹಿಡಿಯುತ್ತಾಳೆ. ನಲವತ್ತಾರನೆಯ ವಯಸ್ಸಿನಲ್ಲಿ ಆರ್ಗನೈಸೇಶನಲ್ ಸೈಕಾಲಜಿ, ಅಂದರೆ ಕೆಲಸದ ಜಾಗದ ಮನಶ್ಶಾಸ್ತ್ರ, ಓದುತ್ತೇನೆ ಎಂದು ಹೊರಟಳು.

“ಇದು ಪ್ರೊಫೆಸರ್ ಆಗೋರ ಡಾಕ್ಟರೇಟ್ ಅಲ್ರಿ ಮಾವಾರ. ನೌಕರಿ ಮಾಡಕೋತ ಮಾಡೂದು. ನಮ್ಮ ಕೆಲಸದಾಗಿನ ತೊಂದ್ರಿ ಹಿಡದು ಅದನ್ನ ಓದೂದು.”

“ಡಾಕ್ಟರಾದ ಮೇಲೆ ಇಂಜೆಕ್ಷನ್ ಕೊಡ್ತೀಯಾ?”

“ಮೊದಲ ನಿಮಗ ಕೊಡ್ತೀನಿ. ಸಕ್ರಿ ಡಬ್ಬಿ ಯಾರು ಖಾಲಿ ಮಾಡ್ತಾರ ಅಂತ ಗೊತ್ತೈತಿ ನನಗ.”

ಅವಳ ತೊಂದರೆ ಇದು. “ನಾ ಶೆಡ್ಡಿನ್ಯಾಗ ಕಾಲಿಟ್ರ ಸಾಕ್ರಿ, ಎಲ್ಲಾರ ಬಾಯಿ ಬಂದ್. ರ‍್ಯಾಕ್ ಅಳ್ಳಾಡಾಕ ಹತ್ತೇತಿ ಅಂತ ಒಬ್ಬರೂ ಹೇಳಂಗಿಲ್ಲ. ಬಿದ್ದ ಮ್ಯಾಲೆ ನನಗ ಗೊತ್ತಾಗತೈತಿ. ಯಾಕ ಹೇಳಂಗಿಲ್ಲ ಅನ್ನೂದ ನನ್ನ ಪ್ರಶ್ನೆ.”

“ನನ್ನ ಕ್ಯಾಂಟೀನಲ್ಲಿ ಬಾಯಿ ಮುಚ್ಚಿಸುದೇ ಕಷ್ಟ ಇತ್ತು ಮಾರಾಯ್ತಿ” ಎಂದೆ. ಜಂಬದಿಂದ ಆಡಿದ ಮಾತು ಅದು.

ಅವಳು ಪೆನ್ನು ತಂದಳು. ನಾನು ಹೇಳುತ್ತ ಹೋದೆ. ಕೌಂಟರಿನ ಪಕ್ಕ ಒಂದು ಟೇಬಲ್ ಇತ್ತು. ಗೊಣಗುವವರು, ಜಗಳ ಮಾಡಿಕೊಂಡು ಬಂದವರು ಯಾರೇ ಇರಲಿ, ಅವರನ್ನು ನಾನು ಅಲ್ಲಿಗೆ ಕರೆಯುತ್ತಿದ್ದೆ. ಮೊದಲ ಚಹಾ, ಎಲ್ಲಕ್ಕಿಂತ ಬಿಸಿಯಾದದ್ದು, ಆ ಟೇಬಲ್ಲಿಗೇ ಹೋಗುತ್ತಿತ್ತು. “ಚಹಾ ಬಿಸಿ ಇದ್ರೆ ಮನುಷ್ಯ ಸ್ವಲ್ಪ ಕೂತ್ಕೊಳ್ತಾನೆ. ಕೂತ್ರೆ ಮಾತಾಡ್ತಾನೆ.” ಅವಳು ಈ ಮಾತಿನ ಕೆಳಗೆ ಎರಡು ಗೆರೆ ಎಳೆದಳು.

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಹೇಳದೆ ಬಿಟ್ಟದ್ದು ಮೂರು ಗಂಟೆಯ ಸುದ್ದಿ. ಮೂರು ಗಂಟೆಗೆ, ಕ್ಯಾಂಟೀನ್ ಖಾಲಿಯಾದಾಗ, ಕಾರ್ಖಾನೆಯ ಪರ್ಸೊನೆಲ್ ಆಫೀಸರು ಬರುತ್ತಿದ್ದರು. “ಕಾಯ್ ಮ್ಹಣತಾತ ಲೋಕ?” ಜನ ಏನಂತಾರೆ, ಎಂದು ಕೇಳುತ್ತಿದ್ದರು. ಆ ಟೇಬಲ್ಲಿನಲ್ಲಿ ಕೇಳಿಸಿಕೊಂಡದ್ದನ್ನು ನಾನು ಹೇಳುತ್ತಿದ್ದೆ. ಅವರು ನನ್ನನ್ನು ಹೆದರಿಸಿರಲಿಲ್ಲ. ಗುತ್ತಿಗೆ ಮುಂದುವರಿಯಲಿ ಎಂಬ ಆಸೆ ಇದ್ದದ್ದು ನಿಜ. ಆದರೆ ಅದಕ್ಕಿಂತ, ಅಷ್ಟು ಓದಿದ ಮನುಷ್ಯ ನನ್ನ ಮಾತಿಗಾಗಿ ಕಾಯುತ್ತಾನೆ ಎಂಬುದು ನನಗೆ ಹಿತವಾಗಿತ್ತು.

ಅಲ್ಲಿ ಒಬ್ಬ ಫಿಟ್ಟರ್ ಇದ್ದ. ನಮ್ಮ ಊರ ಕಡೆಯವನೇ, ದಿವಾದಲ್ಲಿ ಅದೇ ಕಾರ್ಖಾನೆಯ ಇನ್ನೊಬ್ಬನ ಜೊತೆ ರೂಮು ಮಾಡಿಕೊಂಡಿದ್ದ. ಕೆಲಸ ಬೇಗ ಸಾಗಲೆಂದು ಪ್ರೆಸ್ ಯಂತ್ರಗಳ ಮುಂದಿನ ರಕ್ಷಣೆಯ ಜಾಲರಿಯನ್ನು ಬಿಚ್ಚಿಸಿದ್ದರು. ಒಂದು ಶುಕ್ರವಾರ ಅವನು ಆ ಟೇಬಲ್ಲಿನಲ್ಲಿ, ಜಾಲರಿ ತಿರುಗಿ ಹಾಕದಿದ್ದರೆ ಸರಕಾರಿ ಇನ್‌ಸ್ಪೆಕ್ಟರಿಗೆ ಬರೆಯುತ್ತೇನೆ ಎಂದ. ಮೂರು ಗಂಟೆಗೆ ನಾನು ಹೇಳಿದೆ. ಸೋಮವಾರ ಅವನನ್ನು ಗೇಟಿನಲ್ಲೇ ತಡೆದರು. ಊಟದ ಡಬ್ಬಿ ಹಿಡಿದುಕೊಂಡು ಸಂಜೆಯವರೆಗೆ ಹೊರಗೆ ನಿಂತಿದ್ದ. ಡಬ್ಬಿ ತೆರೆದದ್ದನ್ನು ನಾನು ನೋಡಲಿಲ್ಲ. ಮತ್ತೆ ಅವನನ್ನು ಒಳಗೆ ಬಿಡಲಿಲ್ಲ. ಜಾಲರಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಾನು ಮಾತ್ರ ಆ ಟೇಬಲ್ಲಿಗೆ ಮೊದಲ ಚಹಾ ಕಳಿಸುತ್ತಲೇ ಇದ್ದೆ.

ನನ್ನ ಮಾತನ್ನು ಅರ್ಜಿಯಲ್ಲಿ ಸೇರಿಸುವ ಮೊದಲು ಸೊಸೆ ಒಂದು ಹಾಳೆ ತಂದು ಸಹಿ ಕೇಳಿದಳು.

“ಮಾವನ ಹತ್ರವೂ ಸಹಿಯಾ?”

“ಮಾವ ಅಂತನ ಜಾಸ್ತಿ ಬೇಕ್ರಿ. ನಾಳೆ ಸೊಸಿ ಒತ್ತಾಯ ಮಾಡಿದ್ಲು ಅನಬಾರದಲ್ಲ.”

ನನಗೆ ಓದಲು ಬರಲೆಂದು ಹಾಳೆಯನ್ನು ಅವಳೇ ಕನ್ನಡಕ್ಕೆ ಮಾಡಿದ್ದಳು. ಸಹಿಯ ಮೇಲಿನ ಸಾಲು ಹೀಗಿತ್ತು: ನಾನು ಯಾವಾಗ ಬೇಕಾದರೂ ನನ್ನ ಮಾತನ್ನು ಹಿಂದೆ ಪಡೆಯಬಹುದು, ಕಾರಣ ಹೇಳಬೇಕಾಗಿಲ್ಲ.

ಸಂದರ್ಶನ ನವಿ ಮುಂಬಯಿಯಲ್ಲಿ ನಡೆಯಿತು. ಅವಳು ಸ್ಟೇಷನ್ನಿನ ಹತ್ತಿರ ಪೇಡೆ ಕಟ್ಟಿಸಿಕೊಂಡು ಬಂದಳು. ಮೂರನೆಯ ಪುಟ ಎಲ್ಲರಿಗೂ ಹಿಡಿಸಿತಂತೆ. ಆ ಟೇಬಲ್ಲೇ ನಿಮ್ಮ ವಿಷಯ, ಅಲ್ಲಿ ಕೂರುತ್ತಿದ್ದ ಒಬ್ಬಿಬ್ಬರನ್ನು ಮಾತಾಡಿಸಿ ತಿಂಗಳೊಳಗೆ ಹತ್ತು ಪುಟ ಬರೆದು ಕೊಡಿ, ಸೀಟು ಖಾಯಂ, ಎಂದಿದ್ದರಂತೆ. “ಸೀಟ್ ನಿಮ್ದೈತ್ರಿ ಮಾವಾರ, ನಂದಲ್ಲ” ಎಂದು ನನ್ನ ಬಾಯಿಗೆ ಪೇಡೆ ಇಟ್ಟಳು. ಆಗ ಹೇಳಬಹುದಿತ್ತು. ಪೇಡೆ ನುಂಗಿದೆ.

ಹೆಸರು ಕೇಳಿದಳು. ಎರಡು ಕೊಟ್ಟೆ. ಇಬ್ಬರೂ ಸತ್ತಿದ್ದಾರೆಂದು ಗೊತ್ತಿದ್ದೇ ಕೊಟ್ಟೆ. “ನಿಮ್ಮ ದೋಸ್ತರೆಲ್ಲಾ ಸ್ವರ್ಗದಾಗ ಅದಾರಲ್ರಿ” ಎಂದು ನಕ್ಕಳು. ಆದರೆ ಅವಳು ಬಿಡುವವಳಲ್ಲ. ಆ ಇಬ್ಬರಲ್ಲಿ ಒಬ್ಬನ ಹೆಂಡತಿ ಕಲ್ಯಾಣದಲ್ಲಿದ್ದಳು. ಸೊಸೆ ಅವಳನ್ನು ಹುಡುಕಿ ಹೋಗಿ, ಅವಳಿಂದ ಫಿಟ್ಟರನ ವಿಳಾಸ ಪಡೆದು, ಒಂದು ರವಿವಾರ ದಿವಾಕ್ಕೆ ಹೋಗಿ ಬಂದಳು. ಸಂಜೆ ಮೊಬೈಲನ್ನು ನನ್ನೆದುರು ಇಟ್ಟು ಅವನ ಧ್ವನಿ ಕೇಳಿಸಿದಳು. ಗಂಟಲು ಒಡೆದಿತ್ತು, ಆದರೂ ಗುರುತು ಸಿಕ್ಕಿತು.

“ಆ ಕ್ಯಾಂಟೀನಿನ ಅಣ್ಣ ಒಬ್ಬನೇ ನನ್ನ ಮಾತು ಪೂರ್ತಿ ಕೇಳ್ತಿದ್ದದ್ದು. ಬಿಸಿ ಚಾ ಕೊಟ್ಟು ಕೇಳ್ತಿದ್ದ. ಚಾಡಿ ಹೇಳಿದ್ದು ನನ್ನ ರೂಮಿನವ. ಆವತ್ತು ಎದುರಲ್ಲೇ ಕೂತಿದ್ದ. ಅವನೇ, ಬೇರೆ ಯಾರಿರ್ಲಿಕ್ಕೆ ಸಾಧ್ಯ? ಅವ ಸಾಯುವವರೆಗೂ ನಾನು ಮಾತಾಡ್ಲಿಲ್ಲ. ಹೆಣ ನೋಡ್ಲಿಕ್ಕೂ ಹೋಗ್ಲಿಲ್ಲ.”

ಸೊಸೆ ಮೊಬೈಲ್ ನಿಲ್ಲಿಸಿದಳು. “ಬರೂ ರವಿವಾರ ನಿಮ್ಮನ್ನ ಕರಕೊಂಡ ಬಾ ಅಂದಾರ್ರಿ. ಇಬ್ಬರೂ ಕೂಡಿ ಮಾತಾಡ್ರಿ, ನಾ ಬರಕೋತೀನಿ.”

ಮರುದಿನ ಬೆಳಿಗ್ಗೆ ಅವಳು ಬ್ಯಾಗು ಹೆಗಲಿಗೆ ಹಾಕಿ ಹೊರಟಾಗ ನಾನು ಸಹಿ ಹಾಕಿದ್ದ ಆ ಹಾಳೆ ಹಿಡಿದು ಬಾಗಿಲಲ್ಲಿ ನಿಂತೆ.

“ಇದ್ರಲ್ಲಿ ಬರ್ದದ್ದು ಹೌದಾ? ಕಾರಣ ಹೇಳ್ಬೇಕಾಗಿಲ್ಲ ಅಂತ?”

“ಹೌದ್ರಿ.”

“ಹಾಗಾದ್ರೆ ನಾನು ಹೇಳಿದ್ದು ತೆಗಿ. ಎಲ್ಲ ತೆಗಿ.”

ಅವಳು ಬ್ಯಾಗನ್ನು ಹೆಗಲಿನಿಂದ ಇಳಿಸಿದಳು. ಒಳಗಿಂದ ಮಗ ಕೂಗಿದ, “ಪಪ್ಪಾ, ಕ್ಯಾ ಕರ್ ರಹೇ ಹೋ? ಉಸ್ಕಾ ಪೂರಾ ಸಾಲ್ ಜಾಯೇಗಾ!” ಅವಳ ಇಡೀ ವರ್ಷ ಹಾಳಾಗುತ್ತದೆ ಎಂದು ಅವನ ಗಾಬರಿ. ಬಿಡು, ಅದು ನಿಯಮ ಎಂದು ಅವಳೇ ಅವನನ್ನು ತಡೆದಳು. “ಛೋಡೋ. ರೂಲ್ ಹೈ.” ನನ್ನ ಕಡೆ ತಿರುಗಿ, “ಕಾರಣ ಕೇಳೂ ಹಂಗಿಲ್ರಿ ನಾನು” ಎಂದಳು. 7.52ರ ಗಾಡಿ ತಪ್ಪಿತ್ತು. ಮುಂದಿನದಕ್ಕೆ ಹೋದಳು.

ಪುಟವನ್ನು ಅವಳು ಇಟ್ಟುಕೊಂಡಿದ್ದರೆ ಯಾರಿಗೆ ತಿಳಿಯುತ್ತಿತ್ತು? ಇಟ್ಟುಕೊಳ್ಳಲಿಲ್ಲ. ಆ ಪುಟ ಕೈಬಿಡಿ ಎಂದು ಆ ಸಂಜೆಯೇ ಸಂದರ್ಶನ ಮಾಡಿದವರಿಗೆ ಬರೆದಳು. ಟೇಬಲ್ ಇಲ್ಲದೆ ಹತ್ತು ಪುಟ ಆಗಲಿಲ್ಲ, ತಿಂಗಳು ಕಳೆಯಿತು, ಸೀಟು ಬೇರೆಯವರಿಗೆ ಹೋಯಿತು. ಕಂಪನಿ ಓದಿಗೆಂದು ರಜೆ ಒಪ್ಪಿದ್ದು ಈ ವರ್ಷಕ್ಕೆ ಮಾತ್ರ. “ಮುಂದಿನ ವರ್ಷ ನೋಡೂಣು” ಎನ್ನುತ್ತಾಳೆ. ಆಗುವುದಿಲ್ಲವೆಂದು ಮೂವರಿಗೂ ಗೊತ್ತು.

ಆಮೇಲೆ ನಾನು ದಿವಾಕ್ಕೆ ಮೂರು ಸಲ ಹೋದೆ. ಡೊಂಬಿವಲಿಯಿಂದ ಎರಡನೆಯ ಸ್ಟೇಷನ್. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು, ಹೊರಗೆ ಹೋಗುವ ಸೇತುವೆ ಹತ್ತದೆ, ಮರಳಿದೆ. ನನ್ನ ತಪ್ಪು ಹೇಳಿ ಬೈಸಿಕೊಳ್ಳಬಹುದು. ಆದರೆ ನಿನ್ನ ರೂಮಿನವನು ಏನೂ ಮಾಡಿರಲಿಲ್ಲ ಎಂದು ಈಗ ಹೇಳಿದರೆ, ಆ ಫಿಟ್ಟರ್ ಯಾರ ಹತ್ತಿರ ಹೋಗಿ ಮಾತಾಡಬೇಕು?

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ, ಮಗನಿಗೆ ಓದಲು ಬರುವುದಿಲ್ಲ. ಅವಳಿಗೆ ಬರುತ್ತದೆ. ಆ ಸಹಿಯ ಹಾಳೆಯ ಜೊತೆಗೇ ಇಟ್ಟಿದ್ದೇನೆ, ಕೈಗೆ ಕೊಡುವ ಧೈರ್ಯವಿಲ್ಲ.

ಮೊದಲು ಅವಳು ಕೆಲಸದಿಂದ ಬಂದವಳೇ ಶೆಡ್ಡಿನ ಇಡೀ ದಿನವನ್ನು ನನಗೆ ಹೇಳುತ್ತಿದ್ದಳು. ಈಗ ಚಹಾ ತಂದಿಟ್ಟು, ಸಕ್ರಿ ಸಾಕೇನ್ರಿ ಎಂದು ಕೇಳಿ ಒಳಗೆ ಹೋಗುತ್ತಾಳೆ. ನಿನ್ನೆ ನಾನೇ ಕೇಳಿದೆ, “ಶೆಡ್ಡಲ್ಲಿ ಎಂತ ಸುದ್ದಿ?”

“ಏನಿಲ್ರಿ” ಎಂದಳು.

ಫಿಟ್ಟರ್ ಹೋದ ಮೇಲೆ ಆ ಟೇಬಲ್ಲಿನವರು, ಬಿಸಿ ಗ್ಲಾಸು ಕೈಯಲ್ಲಿ ಹಿಡಿದುಕೊಂಡು, ನನಗೆ ಹೇಳುತ್ತಿದ್ದದ್ದೂ ಅಷ್ಟೇ.