ಕಾಬ್‌ವೆಬ್‌ನೊಳಗಿನ ಜೇಡ

ಉತ್ತರ ಇಂಗ್ಲೆಂಡಿನ ಕಂಬರ್‌ಲ್ಯಾಂಡ್ ಗುಡ್ಡಗಳ ನಡುವಿನ ಹಳ್ಳಿಯೊಂದರಲ್ಲಿ ನೆಲ್ಲಿ ಟೈಸನ್ ಇಪ್ಪತ್ತೆರಡು ವರ್ಷ ಚರ್ಚಿನ ಕಸ ಗುಡಿಸಿದಳು. ಬಾಯಿ ಜೋರು. ಕುರಿಯವರಿರಲಿ, ಮಾಂಸದಂಗಡಿಯ ಡ್ಯಾನ್ ಇರಲಿ, ಯಾರನ್ನೂ ಕಿಚಾಯಿಸದೆ ಬಿಡುವವಳಲ್ಲ. ಓದಿದವರು ಎದುರಾದರೆ ಮಾತ್ರ ತುಟಿ ಹೊಲಿದುಕೊಂಡವಳಂತೆ ನಿಂತುಬಿಡುತ್ತಿದ್ದಳು.

ಏಳು ವರ್ಷದವಳಿದ್ದಾಗ ಶಾಲೆಯ ಕಿಟಕಿಯಲ್ಲಿ ಜೇಡ ಕಂಡು, ಅಜ್ಜಿ ಹೇಳುತ್ತಿದ್ದಂತೆ "ಅಟರ್‌ಕಾಪ್!" ಎಂದು ಕೂಗಿದ್ದಳು. ಹೊಸದಾಗಿ ಬಂದಿದ್ದ ಮಿಸ್ ಲೋರಿಮರ್, "ಸ್ಪೈಡರ್ ಅನ್ನು. ಕೊಟ್ಟಿಗೆ ಮಾತು ಕೊಟ್ಟಿಗೇಲೇ ಇರ್ಲಿ" ಎಂದು ರೂಲರಿನಿಂದ ಗೆಣ್ಣಿಗೆ ಬಾರಿಸಿದ್ದರು. ತರಗತಿಯೆಲ್ಲ ನಕ್ಕಿತ್ತು.

ನೆಲ್ಲಿಗೆ ಐವತ್ತೊಂದು ತುಂಬಿದ ವರ್ಷ, ಸುಗ್ಗಿಯ ಊಟ ಮುಗಿದ ಮೇಲೆ ಪಾದ್ರಿ ರಸಪ್ರಶ್ನೆ ಇಟ್ಟರು.

"ಜೇಡರ ಬಲೆಗೆ ಕಾಬ್‌ವೆಬ್ ಅಂತೀವಿ. ವೆಬ್ ಅಂದ್ರೆ ಬಲೆ, ಸರಿ. ಕಾಬ್ ಅಂದ್ರೆ ಏನ್ರಪ್ಪಾ?"

"ಜೋಳದ ತೆನೆ!" ಎಂದ ಡ್ಯಾನ್. ಅದಕ್ಕೂ ಕಾಬ್ ಅಂತಾರಲ್ಲ ಎಂದು ಯಾರೋ ಗಂಡು ಹಂಸದ ಹೆಸರೆತ್ತಿದರು. ನಿವೃತ್ತರಾಗಿದ್ದ ಮಿಸ್ ಲೋರಿಮರ್ ಗಂಭೀರವಾಗಿ, "ದುಂಡನೆಯ ಗಂಟು" ಎಂದರು. ಪಾದ್ರಿ ಎಲ್ಲಕ್ಕೂ ಅಲ್ಲವೆಂದು ತಲೆಯಾಡಿಸಿಬಿಟ್ಟರು.

ನೆಲ್ಲಿ ಗಂಡನ ಕಿವಿಯಲ್ಲಿ, "ಜೇಡ ಕಣೋ ವಿಲ್ಫ್. ಇನ್ಯಾರು ಕಟ್ತಾರೆ?" ಎಂದಳು.

"ಗಟ್ಟಿಯಾಗ್ ಹೇಳೇ!"

"ಸುಮ್ನಿರು, ಟೀಚರ್ ಇದಾರೆ."

ವಿಲ್ಫ್ ಸುಮ್ಮನಿರಲಿಲ್ಲ. ಎದ್ದು ನಿಂತು, "ನಮ್ಮನೆಯೋಳಿಗೆ ಗೊತ್ತಂತೆ!" ಎಂದು ಕೂಗಿಯೇಬಿಟ್ಟ. ಎಲ್ಲರೂ ತಿರುಗಿದರು. ನೆಲ್ಲಿಯ ಮುಖ ಕೆಂಪಾಯಿತು.

"ಜೇಡ," ಎಂದಳು. "ನಮ್ಮಜ್ಜಿ ಅದಕ್ಕೆ ಅಟರ್‌ಕಾಪ್ ಅನ್ನೋಳು. ಆ ಕಾಪೇ ಸವೆದು ಕಾಬ್ ಆಗಿರ್ಬೇಕು, ಅಷ್ಟೆ."

ಪಾದ್ರಿ ಉತ್ತರ ಬರೆದಿಟ್ಟುಕೊಂಡಿದ್ದ ಚೀಟಿ ಬೀಸುತ್ತ ಕುಣಿದರು. "ಸರಿ! ಹಳೇ ಇಂಗ್ಲಿಷಲ್ಲಿ ಅಟರ್ ಅಂದ್ರೆ ವಿಷ, ಕಾಪ್ ಜೇಡ. ಸಾವಿರ ವರ್ಷದ ಮಾತು ರೀ ಇದು!"

ಚಪ್ಪಾಳೆ ನಿಂತ ಮೇಲೆ ಮಿಸ್ ಲೋರಿಮರ್ ಕೋಲೂರಿಕೊಂಡು ಬಂದರು.

"ನೆಲ್ಲಿ, ಆ ಮಾತಿಗೇ ಅಲ್ವಾ ನಾನು ನಿನ್ನ ಹೊಡ್ದಿದ್ದು?"

"ನೆನಪಿದ್ಯಾ ಮೇಡಂ?"

"ಈಗ ಬಂತು. ತಪ್ಪು ನಂದು ಕಣಮ್ಮ."

ನೆಲ್ಲಿ ಕಣ್ಣೊರೆಸಿಕೊಂಡು ಸೇಬಿನ ಕಡುಬಿನ ತಟ್ಟೆಯನ್ನು ಅವರತ್ತ ತಳ್ಳಿದಳು. "ತಿನ್ನಿ ಮೇಡಂ. ಇಲ್ದಿದ್ರೆ ಡ್ಯಾನ್ ಪೂರ್ತಿ ನುಂಗ್ತಾನೆ."

ಮುಂದಿನ ತಿಂಗಳು, ಓದಿದವರೇ ತುಂಬಿದ್ದ ಚರ್ಚಿನ ಸಮಿತಿ ಸೇರಿದಾಗ ನೆಲ್ಲಿ ಯಾರೂ ಕರೆಯದೆಯೇ ಒಳಗೆ ಹೋಗಿ ನಿಂತಳು. "ತೊಲೆ ಮೇಲಿನ ಜೇಡರ ಬಲೆ ಗುಡಿಸೋಕೆ ಬೆಂಚ್ ಮೇಲೆ ಬೆಂಚ್ ಹಾಕ್ಕೊಂಡ್ ಹತ್ತೋಳು ನಾನು. ಬಿದ್ರೆ ನೀವ್ ಬಂದ್ ಗುಡಿಸ್ತೀರಾ?"

ಒಂದೇ ವಾರದಲ್ಲಿ ಏಣಿ ಬಂತು. ಆಮೇಲೆ ಆಕೆ ಚಹಾಕ್ಕೆ ಒಂದು ಕೆಟಲನ್ನೂ ಕೇಳಿ ಪಡೆದಳು.