ಇಪ್ಪತ್ತೆಂಟು ಮೂಟೆಯ ಇಳಿಜಾರು

2021ರ ಕೊಯ್ಲಿನ ಕಾಲದಲ್ಲಿ ನಾನು ಕಳಸದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದೆ. ಸೇರಿ ಐದು ತಿಂಗಳಾಗಿತ್ತು. ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ವಾದಿಸಿ ಬಂದವಳು. ಯಾರಾದರೂ ‘ನನ್ನ ಅನುಭವದಲ್ಲಿ’ ಎಂದು ಶುರುಮಾಡಿದರೆ ‘ಆಧಾರ ಏನು’ ಎಂದು ಕೇಳದೆ ಬಿಡುತ್ತಿರಲಿಲ್ಲ. ಆ ಪ್ರಶ್ನೆ ತಪ್ಪು ಎಂದು ಈಗಲೂ ನನಗನ್ನಿಸುವುದಿಲ್ಲ. ಅದನ್ನು ಯಾರಿಗೆ ಕೇಳಬೇಕೆಂಬುದಷ್ಟೇ ಆಗ ಗೊತ್ತಿರಲಿಲ್ಲ.

ಕೊಯ್ಲಿನ ನಡುವೆ ಮಳೆ ಹಿಡಿಯಿತು. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದು ಕಣದಲ್ಲಿ ಎರಡು ದಿನದಿಂದ ಟಾರ್ಪಾಲಿನ ಕೆಳಗೆ ಬೆವರುತ್ತಿತ್ತು. ಇನ್ನೊಂದು ದಿನ ಬಿಟ್ಟರೆ ಹುಳಿ ವಾಸನೆ ಹಿಡಿಯುತ್ತದೆ. ಡ್ರೈಯರ್ ಇದ್ದದ್ದು ಮೂರು ಕಿಲೋಮೀಟರ್ ಕೆಳಗಿನ ಡಿವಿಷನ್ನಿನಲ್ಲಿ. ನಡುವೆ ಆರು ಅಡಿಗೆ ಒಂದು ಅಡಿ ಇಳಿಯುವ ಮಣ್ಣಿನ ದಾರಿ, ಅದರ ಕೊನೆಗೆ ಎಡ ತಿರುವು, ತಿರುವಿನ ಆಚೆ ಹಳ್ಳ.

ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಮಂಜಪ್ಪನವರು ಟ್ರೇಲರಿಗೆ ಮೂಟೆ ಹಾಕಿಸಿಬಿಟ್ಟಿದ್ದರು. “ಇಪ್ಪತ್ತೆಂಟು ಮೇಡಂ. ಯಾವಾಗ್ಲೂ ಅಷ್ಟೇ ಹಾಕೋದು.”

‘ಯಾವಾಗ್ಲೂ’ ಎಂಬುದನ್ನು ನಾನು ಒಪ್ಪಲಿಲ್ಲ. ಹಾಳೆ ತೆಗೆದೆ. ಟ್ರ್ಯಾಕ್ಟರಿನ ಪುಸ್ತಕದಲ್ಲಿ ಐದು ಟನ್ ಎಳೆಯುತ್ತದೆ ಎಂದಿತ್ತು; ಅದು ಸಮತಟ್ಟಾದ ರಸ್ತೆಯ ಮಾತು. ಇಳಿಜಾರಿನಲ್ಲಿ ಎಳೆಯುವುದಕ್ಕಿಂತ ತಡೆಯುವುದು ಮುಖ್ಯ. ನಮ್ಮ ಟ್ರೇಲರಿಗೆ ಬ್ರೇಕಿಲ್ಲ, ಟ್ರ್ಯಾಕ್ಟರಿಗೆ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಟ್ರ್ಯಾಕ್ಟರ್ 2,000 ಕಿಲೋ, ಖಾಲಿ ಟ್ರೇಲರ್ 900, ಮೂಟೆಗೆ 50ರಂತೆ ಇಪ್ಪತ್ತೆಂಟಕ್ಕೆ 1,400. ಒಟ್ಟು 4,300. ಇದರ ಆರನೇ ಒಂದು ಪಾಲು, ಅಂದರೆ ಸುಮಾರು 717 ಕಿಲೋ, ದಾರಿಯುದ್ದಕ್ಕೂ ಕೆಳಕ್ಕೆ ನೂಕುತ್ತಿರುತ್ತದೆ. ಒದ್ದೆ ಮಣ್ಣಿನಲ್ಲಿ ಹಿಂದಿನ ಚಕ್ರಗಳ ಹಿಡಿತ 800ರವರೆಗೆ ತಡೆದೀತು ಎಂದು ಅಂದಾಜು ಹಾಕಿದೆ.

“ಫಸ್ಟ್ ಗೇರಲ್ಲಿ ಇಳಿಸ್ತೀನಿ ಬಿಡಿ,” ಎಂದ ಡ್ರೈವರ್ ಸುಂದರ.

ಎಂಜಿನ್ ತಡೆದರೂ ಅದೇ ಎರಡು ಚಕ್ರಗಳ ಮೂಲಕವೇ ತಡೆಯಬೇಕು, ಅದರಿಂದ ಹಿಡಿತ ಹೆಚ್ಚಾಗುವುದಿಲ್ಲ ಎಂದು ಅವನಿಗೆ ವಿವರಿಸಿದೆ. ಆದರೂ 717 ತಾನೇ, 800 ದಾಟಲಿಲ್ಲವಲ್ಲ. ಹೋಗಬಹುದು ಎಂದೆ.

ಟ್ರ್ಯಾಕ್ಟರ್ ಹತ್ತಡಿ ಮುಂದೆ ಬಂದಿತ್ತಷ್ಟೆ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ರಿಪೇರಿಗೆಂದು ಬಂದು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ಕೊಟ್ಟಿಗೆಹಾರದ ಮೆಕ್ಯಾನಿಕ್ ಇಸ್ಮಾಯಿಲಣ್ಣ ಲೋಟ ಹಿಡಿದುಕೊಂಡೇ ಎದ್ದು ಬಂದು ಅಡ್ಡ ನಿಂತರು. ಅರವತ್ತು ದಾಟಿದವರು.

“ಆಫ್ ಮಾಡು ಮಾರಾಯ. ಇದು ಇಳಿಯೋ ಲೋಡಲ್ಲ.”

“ಲೆಕ್ಕ ಮಾಡಿದ್ದೀನಿ ಇಸ್ಮಾಯಿಲಣ್ಣ. ನಿಮ್ಮ ಆಧಾರ ಏನು?”

“ನಿಮ್ಮ ಕಾಲಿನ ಹತ್ರನೇ ಉಂಟಲ್ಲ ಮೇಡಂ.”

ನೆಲ ನೋಡಿದೆ. ಬೆಳಿಗ್ಗೆ ಖಾಲಿ ಬಂದಾಗ ಮುಂದಿನ ಟೈರು ಕೆಸರಿನಲ್ಲಿ ಗೆರೆಗೆರೆಯಾಗಿ ಅಚ್ಚೊತ್ತಿತ್ತು. ಈಗಿನ ಅಚ್ಚು ಉಗುರಿನಲ್ಲಿ ಗೀರಿದಷ್ಟು. ಟ್ರೇಲರಿನ ಭಾರ ಕೊಂಡಿಯ ಮೇಲೆ ಕೂತು ಹಿಂಬದಿಯನ್ನು ಒತ್ತಿ ಮೂತಿಯನ್ನು ಎತ್ತಿತ್ತು.

“ಒಣ ಮೂಟೆಗೆ ಇಷ್ಟು ಎತ್ತೋದಿಲ್ಲ. ಮುಂದಿನ ಚಕ್ರ ನೆಲ ಹಿಡೀದಿದ್ರೆ ಇವ ಆ ತಿರುವಲ್ಲಿ ಏನನ್ನ ತಿರುಗಿಸ್ತಾನೆ?”

“ಟೈರಿನ ಅಚ್ಚು ತಕ್ಕಡಿ ಅಲ್ಲ.”

“ಹಾಗಾದ್ರೆ ತಕ್ಕಡಿನೇ ತರ್ಸಿ. ನಾನು ಬೇಡ ಅಂದ್ನಾ?”

ತಂದು ತೂಗಿದೆವು. ಮೂಟೆಗೆ 82 ಕಿಲೋ.

ಈ ಸೀಮೆಯಲ್ಲಿ ಕಾಫಿಯ ಮಾತೆಲ್ಲ ಮೂಟೆಯಲ್ಲೇ, ಮತ್ತು ಮೂಟೆ ಎಂದರೆ ಐವತ್ತು. ಅದು ಒಣಗಿದ ಬೀಜದ ತೂಕ. ಹಸಿ ಪಾರ್ಚ್‌ಮೆಂಟನ್ನು ಸಾಮಾನ್ಯವಾಗಿ ಯಾರೂ ಮೂಟೆ ಕಟ್ಟಿ ಸಾಗಿಸುವುದಿಲ್ಲವಾದ್ದರಿಂದ ಆ ಐವತ್ತನ್ನು ಯಾರೂ ಕೆದಕಿರಲಿಲ್ಲ. ಕಂಪನಿಯ ಪುಸ್ತಕವನ್ನೂ, ಸುಂದರನ ಗೇರನ್ನೂ ಸಂಶಯದಿಂದ ನೋಡಿದ ನಾನು ಕೂಡ ಅದನ್ನು ಹಾಗೇ ನುಂಗಿದ್ದೆ. ಮತ್ತೆ ಕೂಡಿಸಿದೆ: ಒಟ್ಟು 5,196 ಕಿಲೋ. ನೂಕುವ ಬಲ 866. 800 ದಾಟಿತ್ತು.

“ಎಷ್ಟು ಹಾಕಬಹುದು?” ಈ ಸಲ ನಾನು ಕೇಳಿದೆ.

ಇಸ್ಮಾಯಿಲಣ್ಣ ಟ್ರೇಲರಿಗೆ ಒಂದು ಸುತ್ತು ಹಾಕಿ ಕೊಂಡಿಯನ್ನು ಕಾಲಿನಿಂದ ಒತ್ತಿ ನೋಡಿದರು. “ಅರ್ಧ ಇಳ್ಸಿ.”

ಹದಿನಾಲ್ಕು ಮೂಟೆಗೆ ಲೆಕ್ಕ ಮಾಡಿದರೆ 675. ಕೈಯಲ್ಲಿ 125 ಉಳಿಯುತ್ತದೆ. ಮಂಜಪ್ಪನವರು ಗೊಣಗಿದರು: “ಎರಡು ಟ್ರಿಪ್ ಅಂದ್ರೆ ಸಂಜೆ ಆಗ್ತದಲ್ರೀ.”

“ಸಂಜೆ ಆಗ್ಲಿ ರೈಟ್ರೇ,” ಎಂದರು ಇಸ್ಮಾಯಿಲಣ್ಣ. “ಆಮೇಲೆ ಇವ ಮನೆಗೂ ಹೋಗ್ಬೇಕಲ್ಲ.”

ನಾನು ಟ್ರೇಲರಿನ ಹಿಂದೆ ನಡೆದು ಹೊರಟೆ. ಇಳಿಜಾರಿನ ನಡುವೆ ಸುಂದರ ಬ್ರೇಕ್ ಒತ್ತಿದ. ಹಿಂದಿನ ಚಕ್ರಗಳು ನಿಂತವು, ಟ್ರ್ಯಾಕ್ಟರ್ ನಿಲ್ಲಲಿಲ್ಲ. ಸದ್ದೇ ಇಲ್ಲದೆ, ಯಾರೋ ಮೆತ್ತಗೆ ಬೆನ್ನಿಗೆ ಕೈಯಿಟ್ಟು ನಡೆಸಿದ ಹಾಗೆ, ಒಂದು ಮಾರು ದೂರ ಜಾರಿ ನಿಂತಿತು. ಕೆಸರಿನಲ್ಲಿ ಕರಣೆಯಿಂದ ಎಳೆದಂಥ ಎರಡು ನುಣುಪು ಪಟ್ಟಿ. ನನ್ನ 800 ಕೂಡ ಅಂದಾಜೇ, ಅದೂ ಉದಾರ ಅಂದಾಜು ಎಂದು ಆ ಪಟ್ಟಿಗಳು ಹೇಳುತ್ತಿದ್ದವು. ಹಾಳೆಯ ಮೇಲೆ ನಾನು ಬರೆದಿದ್ದ ಆ ನೂಕುವ ಬಲ ಇಷ್ಟು ದೊಡ್ಡದು, ಇಷ್ಟು ಮೌನದ್ದು ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಮಂಜಿನಲ್ಲಿ ಕೆಳಗಿನ ಹಳ್ಳ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು. ಈ ಗುಡ್ಡ ಹತ್ತಡಿಯ ಕೆಸರಿನಲ್ಲೇ ತನ್ನ ಉತ್ತರ ಬರೆದಿತ್ತು, ಒಬ್ಬ ಮನುಷ್ಯ ಚಹಾ ಕುಡಿಯುತ್ತಲೇ ಅದನ್ನು ಓದಿದ್ದ.

ಉಳಿದ ಹದಿನಾಲ್ಕನ್ನು ಏಳೇಳರಂತೆ ಇಳಿಸಿದೆವು. ಕಾಫಿ ಕೆಡಲಿಲ್ಲ.

ಕೆಳಗೆ ತಲುಪಿದ ಮೇಲೆ ಸುಂದರನಿಗೆ ಕೇಳಿದೆ: “ಇಸ್ಮಾಯಿಲಣ್ಣ ತಡೀದಿದ್ರೆ ಇಪ್ಪತ್ತೆಂಟನ್ನೂ ತಗೊಂಡು ಹೊರಡ್ತಿದ್ಯಾ?”

“ಹೌದಲ್ಲ ಮೇಡಂ,” ಎಂದ ಅವನು, ಕೈಯ ಕೆಸರು ಒರೆಸಿಕೊಳ್ಳುತ್ತ. “ನಂಗೂ ಒಂಚೂರು ಹೆದ್ರಿಕೆ ಇತ್ತು. ಆದ್ರೆ ನೀವು ಲೆಕ್ಕ ಹಾಕಿದ್ರಲ್ಲ.”

ಅಂದಿನಿಂದ ತೂಗದ ಅಂಕಿಯನ್ನು ನಾನು ಹಾಳೆಗೆ ಹತ್ತಿಸುವುದಿಲ್ಲ. ಅಂದಾಜಾದರೆ ಪಕ್ಕದಲ್ಲಿ ಅಂದಾಜು ಎಂದೇ ಬರೆಯುತ್ತೇನೆ. ಚರ್ಚೆಯಲ್ಲಿ ನನ್ನ ಮಾತು ತಪ್ಪಿದರೆ ಎದುರಾಳಿ ಗೆಲ್ಲುತ್ತಿದ್ದ, ಅಷ್ಟೇ. ಈ ಕೆಲಸದಲ್ಲಿ ನನ್ನ ಮಾತು ನಂಬಿ ಒಬ್ಬ ಬ್ರೇಕಿನ ಮೇಲೆ ಕಾಲಿಟ್ಟು ಕೂತಿರುತ್ತಾನೆ.